ಸತ್ತವರು ನೋಡುತ್ತಿದ್ದ ಚಿತ್ರ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸಿನ ದೂರು ಕೇಳಿ, ಬರೆದುಕೊಳ್ಳುತ್ತಿದ್ದ ಪೇದೆಯ ಪೆನ್ನು ಅಲ್ಲೇ ನಿಂತಿತು.

"ನಮ್ಮೆಜಮಾನ್ರು ಹೋಗಿ ವರ್ಷ ಆಯ್ತು ಸಾರ್. ಆದ್ರೂ ದಿನಾ ಸಿನಿಮಾ ನೋಡ್ತಿದಾರೆ."

ಮೊಬೈಲಿನಲ್ಲಿ ಸಿನಿಮಾ ಆ್ಯಪ್ ತೆರೆದು ಮುಂದೆ ಹಿಡಿದರು. ಗಂಡನ ಖಾತೆಯಲ್ಲಿ ಒಂದೇ ಹಳೆಯ ಚಿತ್ರ, ನಿನ್ನೆಯೂ ನೋಡಿದ ಗುರುತು.

"ಯಾರು ಅಂತ ಗೊತ್ತಾಗೋವರೆಗೂ ಆ ಮನೇಲಿ ಒಬ್ಳೇ ಮಲಗಲ್ಲ ನಾನು."

ಇನ್ಸ್‌ಪೆಕ್ಟರಿಗೆ ದೆವ್ವಗಳಲ್ಲಿ ನಂಬಿಕೆ ಇರಲಿಲ್ಲ, ಪಾಸ್‌ವರ್ಡ್ ಕಳ್ಳರಲ್ಲಿ ಬೇಕಾದಷ್ಟಿತ್ತು. ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಆ ಆ್ಯಪ್ ನಡೆಸುವ ಕಂಪನಿಯಿಂದ ವಿವರ ಬಂತು. ಅದೇ ಚಿತ್ರ ನೋಡುತ್ತಿದ್ದ ಖಾತೆಗಳು ಇನ್ನೂ ಹಲವಿದ್ದವು. ವಿಚಾರಿಸಿದರೆ ಆ ಖಾತೆದಾರರೆಲ್ಲ ತೀರಿಕೊಂಡವರು! ಒಬ್ಬರು ಶುರುಮಾಡಿದ ಸ್ವಲ್ಪ ಹೊತ್ತಿಗೆ ಇನ್ನೊಬ್ಬರು, ಸರದಿಯಲ್ಲಿ ನಿಂತವರ ಹಾಗೆ.

"ಎಲ್ಲಿಂದ ನೋಡ್ತಿದಾರೆ?" ಇನ್ಸ್‌ಪೆಕ್ಟರ್ ಫೋನಿನಲ್ಲಿ ಕೇಳಿದರು.

"ಸಿನಿಮಾಗಳನ್ನೆಲ್ಲ ಇಟ್ಟಿರೋ ನಮ್ಮ ಸರ್ವರ್ ಕೋಣೆಯಿಂದ್ಲೇ ಸಾರ್," ಎಂದ ಕಂಪನಿಯ ಮ್ಯಾನೇಜರ್.

ಇನ್ಸ್‌ಪೆಕ್ಟರ್, ಪೇದೆ ಹೋದಾಗ ಕೋಣೆ ತಣ್ಣಗೆ ಕೊರೆಯುತ್ತಿತ್ತು. ಯಂತ್ರಗಳ ಸಾಲಿನ ಕೊನೆಯಲ್ಲೊಂದು ಕಂಪ್ಯೂಟರ್, ಎದುರಿಗೆ ಖಾಲಿ ಕುರ್ಚಿ. ಪರದೆಯಲ್ಲಿ ಬಸ್ಸಿಗೆ ಕಾಯುವ ಗುಂಪಿನಿಂದ ಒಬ್ಬ ಹುಡುಗಿ ತಿರುಗಿ ನಕ್ಕಳು. ಚಿತ್ರ ತಾನಾಗಿ ಹಿಂದಕ್ಕೋಡಿತು. ಹುಡುಗಿ ಮತ್ತೆ ನಕ್ಕಳು.

"ಅಯ್ಯಪ್ಪಾ!" ಆ ಚಳಿಯಲ್ಲೂ ಪೇದೆ ಬೆವರಿದ.

ಪಂಚನಾಮೆ ಮುಗಿಯಿತು. ಆ ಕಂಪ್ಯೂಟರ್ ಇಟ್ಟವನು ಸರ್ವರ್ ವಿನ್ಯಾಸ ಮಾಡಿದ ಹಿರಿಯ ಇಂಜಿನಿಯರ್ ಎಂದು ಮ್ಯಾನೇಜರ್ ಹೇಳಿಕೆ ಕೊಟ್ಟ. ಕರೆಸಿದರೆ ಇಂಜಿನಿಯರ್ ಸುಳ್ಳೇ ಹೇಳಲಿಲ್ಲ.

"ಸತ್ತವರ ಖಾತೆ ಯಾಕೆ?"

"ಬದುಕಿರೋರು ಯಾರೂ ನೋಡ್ಲಿಲ್ಲ ಸಾರ್."

"ಆ ಹುಡುಗಿ?"

"ನನ್ನ ತಂಗಿ. ಅದೊಂದೇ ಸಿನಿಮಾ ಮಾಡಿದ್ಲು. ಬಿಡುಗಡೆಗೆ ಮುಂಚೆನೇ ಹೋಗ್ಬಿಟ್ಲು."

ಜಾಗ ಉಳಿಸಲು, ಯಾರೂ ನೋಡದ ಚಿತ್ರವನ್ನು ಸರ್ವರ್ ತಾನೇ ಅಳಿಸಬೇಕು. ಆ ನಿಯಮ ಬರೆದವನು ಇವನೇ, ಅದಕ್ಕೆ ಬಡ್ತಿಯನ್ನೂ ಪಡೆದಿದ್ದ. ತಾನು ತೋಡಿದ ಗುಂಡಿಗೆ ತಂಗಿಯೇ ಬೀಳುವುದನ್ನು ಪಾಪ, ಅವನಿಂದ ನೋಡಲಾಗಲಿಲ್ಲ.

"ಮನೇಲೊಂದು ಕಾಪಿ ಇಟ್ಕೊಂಡಿದ್ರೆ ಸಾಕಿತ್ತಲ್ಲ ಮಾರಾಯ?"

"ಇದೆ ಸಾರ್. ಆದ್ರೆ ನಾನೊಬ್ನೇ ನೋಡಿದ್ರೆ ಆಗುತ್ತಾ? ಜನ ನೋಡ್ಬೇಕಣ್ಣಾ ಅಂದಿದ್ಲು."

ಸಂಜೆ ಬಂಧನವಾಯಿತು. ಪೇದೆ ಆ ಹೆಂಗಸಿನ ಮನೆಗೆ ಹೋಗಿ ಇಂಜಿನಿಯರನ ತಂಗಿಯ ವಿಷಯವನ್ನೆಲ್ಲ ತಿಳಿಸಿದ.

"ಯಜಮಾನ್ರ ಖಾತೆ ಮುಚ್ಚಿಸ್ಬಿಡಿ ಅಮ್ಮ. ಇನ್ನು ಭಯ ಇಲ್ಲ."

ಆಕೆ ಟಿವಿಯಲ್ಲಿ ಗಂಡನ ಖಾತೆ ತೆರೆದು ಅದೇ ಚಿತ್ರ ಹಾಕಿ, ದೀಪ ಆರಿಸಿ ಕೂತರು.

"ಆ ಹುಡುಗಿ ಎಷ್ಟು ಹೊತ್ತಿಗೆ ಬರ್ತಾಳಪ್ಪ?"