ಬಲಗಾಲಿನ ಬೂಟು

"ಮೇಡಂ, ಕೊಲೆ ಆಗೋಕೆ ಮುಂಚೆ ಬನ್ನಿ!"

ಟೈಲರ್ ಹೀಗೆ ಕೂಗುತ್ತ ನಮ್ಮ ಪತ್ತೇದಾರಿ ಕಚೇರಿಗೆ ನುಗ್ಗಿದಾಗ ಅವನ ತುಟಿ ಒಡೆದಿತ್ತು, ಅಂಗಿಯ ಒಂದು ತೋಳು ಕಿತ್ತು ನೇತಾಡುತ್ತಿತ್ತು. ಊರಿಗೆಲ್ಲ ಹೊಲಿಯುವವನ ಗತಿ ಹೀಗಾಯಿತೇ ಎಂದು ನನಗೆ ನಗು ಬಂತು. ಅತ್ತಿಗೆಯ ಮುಖ ನೋಡಿ ನುಂಗಿಕೊಂಡೆ. ಕಚೇರಿ ಅತ್ತಿಗೆಯದು, ತಲೆಯೂ ಅವರದೇ. ಮೈದುನನಾದ ನಾನು ಜೊತೆಗೆ ಓಡಾಡುವವನು.

ಟೈಲರ್ ಪಕ್ಕದ ಬೀದಿಯ ಫುಟ್‌ಬಾಲ್ ಅಭಿಮಾನಿ ಸಂಘದ ಅಧ್ಯಕ್ಷ. ಸಂಜೆಯಾದರೆ ಅಲ್ಲಿ ಒಂದೇ ಜಗಳ: ತಂಡದ ಹಳೇ ಆಟಗಾರರಲ್ಲಿ ಯಾರು ದೊಡ್ಡವನು? ಫೈನಲ್‌ನಲ್ಲಿ ಗೋಲು ಹೊಡೆದು ಕಪ್ ತಂದ 'ಸಿಡಿಲು'ವೋ, ಅದೇ ಪಂದ್ಯದಲ್ಲಿ ಗೋಲು ಕಾಯ್ದ 'ಕೋಟೆ'ಯೋ? ಆ ಸಂಜೆ ಕನ್ನಡಕದ ಅಂಗಡಿಯವನು, "ಸಿಡಿಲು ಕೊನೇ ವರ್ಷ ಕುಂಟೋ ನಾಟಕ ಆಡಿದ" ಎಂದನಂತೆ. ಬಸ್ ಡ್ರೈವರ್, "ಸೂಜಿ ಹಾಕಿಸ್ಕೊಂಡು ಆಡಿದ ಗಂಡು ಅವನು!" ಎಂದು ಎದೆ ತಟ್ಟಿ ಕನ್ನಡಕದವನ ಕಪಾಳಕ್ಕೆ ಬಾರಿಸಿದ. ಮೇಜು ಉರುಳಿತು, ಟೀ ಚೆಲ್ಲಿತು, ಎಲ್ಲರೂ ಬೀದಿಗೆ ಬಿದ್ದು ಹೊಡೆದಾಡಿದರು. ಒಳಗೆ ಬಂದು ನೋಡಿದರೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಸಿಡಿಲುವಿನ ಫೈನಲ್ ಬೂಟುಗಳಲ್ಲಿ ಬಲಗಾಲಿನದು ಮಾಯ!

"ಬೀಗ ಒಡೆದಿದ್ರಾ?"

"ಇಲ್ಲ ಮೇಡಂ, ಹಾಕಿದ ಹಾಗೇ ಇದೆ. ಬೀಗದ ಕೈ ನನ್ನ ಜೇಬಲ್ಲೇ ಇದೆ."

ನಾವು ಹೋದಾಗ ಕನ್ನಡಕದವನು ಅಂಗೈಗೆ ಕರವಸ್ತ್ರ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. ಅವನ ಅಂಗಡಿಯ ಗಾಜು ಆಗಲೇ ಪುಡಿಯಾಗಿತ್ತು.

"ನಾಳೆ ಸಂಜೆಯೊಳಗೆ ಬೂಟು ಬರ್ಲಿಲ್ಲ ಅಂದ್ರೆ ಅಂಗಡಿಗೆ ಬೆಂಕಿ ಇಡ್ತೀನಿ!" ಡ್ರೈವರ್ ಗುಡುಗಿದ. "ಊರಿಗೆಲ್ಲ ಕನ್ನಡಕ ಮಾರ್ತಾನೆ, ಆಟ ಮಾತ್ರ ಇವನ ಕಣ್ಣಿಗೆ ಕಾಣಲ್ಲ."

"ಇಡು, ನೋಡೇ ಬಿಡ್ತೀನಿ! ಕದಿಯೋನಾಗಿದ್ರೆ ಎರಡೂ ಕದೀತಿದ್ದೆ. ಒಂದೇ ಬೂಟು ತಗೊಂಡು ಏನ್ ಮಾಡ್ಲಿ, ನೆಕ್ಕಲಾ?"

ಅತ್ತಿಗೆ ಇಬ್ಬರನ್ನೂ ಲೆಕ್ಕಿಸದೆ ಕೋಣೆ ನೋಡಿದರು. ಹಿಂದಿನ ಓಣಿಗೆ ಒಂದು ಕಿಟಕಿ, ಟೀ ತರುವವರಿಗಾಗಿ ಚಿಲಕ ಹಾಕದೆ ಬಿಟ್ಟ ಒಂದು ಬಾಗಿಲು. ಗೋಡೆಯ ಮೇಲೆ ಸಂಘದ ಉದ್ಘಾಟನೆಯ ಫೋಟೊ: ಸಿಡಿಲುವಿಗೆ ಹಾರ ಹಾಕಿ ಟೈಲರ್ ಏನೋ ಪುಟ್ಟ ಡಬ್ಬಿ ಕೊಡುತ್ತಿದ್ದಾನೆ. ನೆಲದಲ್ಲಿ ಒಣಗಿದ ಟೀಯ ಉಂಗುರಗಳು. ಲೋಟ ಇಟ್ಟ ಗುರುತು ಎಂದುಕೊಂಡೆ. ಅತ್ತಿಗೆ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಎಡಗಾಲು ಮಾತ್ರ" ಎಂದು ಗೊಣಗಿದರು. ಪೆಟ್ಟಿಗೆಯಲ್ಲಿ ಉಳಿದ ಬೂಟಿನ ಮಾತೆಂದು ನಾನು ತಲೆಯಾಡಿಸಿದೆ.

ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು. "ಸಿಡಿಲು ಈಗ ಎಲ್ಲಿದ್ದಾರೆ?"

ಯಾವ ಪಂದ್ಯದಲ್ಲಿ ಯಾರು ಯಾರಿಗೆ ಪಾಸ್ ಕೊಟ್ಟರೆಂದು ನಿದ್ದೆಯಲ್ಲೂ ಹೇಳಬಲ್ಲ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಲ್ಲೋ ಇರ್ಬೇಕು ಮೇಡಂ," ಎಂದ ಟೈಲರ್. "ಈ ಕಡೆ ಬಂದು ವರ್ಷಗಳೇ ಆಯ್ತು."

"ಅವರ ಹೆಸರಲ್ಲಿ ತಲೆ ಒಡ್ಕೊಳ್ತೀರಿ. ಮನೆ ಎಲ್ಲಿ ಅಂತ ಒಬ್ಬರಿಗೂ ಗೊತ್ತಿಲ್ಲ!" ಅತ್ತಿಗೆಯ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. "ನಾಳೆ ಸಂಜೆ ಎಲ್ಲರೂ ಇಲ್ಲೇ ಇರಿ. ಅಲ್ಲೀತನಕ ಯಾರಾದ್ರೂ ಕಡ್ಡಿ ಗೀರಿದ್ರೆ ನಾನೇ ಪೊಲೀಸರನ್ನ ಕರೀತೀನಿ."

ಮರುದಿನ ಅವರೊಬ್ಬರೇ ಎಲ್ಲಿಗೋ ಹೋಗಿಬಂದರು. ಬಂದವರು ಊಟ ಮುಟ್ಟಲಿಲ್ಲ.

ಸಂಜೆ ಕೋಣೆ ತುಂಬಿತ್ತು. ಅತ್ತಿಗೆ ಟೈಲರ್‌ನತ್ತ ತಿರುಗಿದರು. "ಆ ಫೋಟೊದಲ್ಲಿರೋ ಡಬ್ಬೀಲಿ ಏನಿತ್ತು?"

ಟೈಲರ್ ಹಣೆ ಚಚ್ಚಿಕೊಂಡ. "ಅಯ್ಯೋ! ಪೆಟ್ಟಿಗೆಯ ಇನ್ನೊಂದು ಬೀಗದ ಕೈ. ಗೌರವಕ್ಕೆ ಅಂತ ಕೊಟ್ಟಿದ್ದು, ಮರೆತೇ ಹೋಗಿತ್ತು."

"ಬೀಗ ಒಡೆಯದೆ ತೆಗೆದದ್ದು ಹಾಗೆ. ಇನ್ನು ಈ ಉಂಗುರಗಳು. ಲೋಟದ ತಳಕ್ಕಿಂತ ಚಿಕ್ಕವು. ಅದೂ ಅಲ್ಲದೆ ಲೋಟಗಳು ಜೋಡಿಯಾಗಿ ಪೆಟ್ಟಿಗೆಯಿಂದ ಹಿಂಬಾಗಿಲಿಗೆ ನಡೆದುಹೋಗಲ್ಲ. ಊರುಗೋಲು ನಡೆಯುತ್ತೆ. ಪ್ರತಿ ಜೋಡಿಯ ನಡುವೆ ಒಂದು ಪಾದದ ಗುರುತು, ಎಲ್ಲವೂ ಎಡಗಾಲಿನವು. ಬಂದವರಿಗೆ ಬಲಗಾಲಿಲ್ಲ. ಕದ್ದದ್ದೂ ಬಲಗಾಲಿನ ಬೂಟನ್ನೇ. ಮಾರೋ ಕಳ್ಳ ಜೋಡಿ ಬಿಟ್ಟು ಹೋಗ್ತಾನಾ? ಕನ್ನಡಕದವರು ನಿನ್ನೆ ಕೋಪದಲ್ಲಿ ಸರಿಯಾಗೇ ಕೇಳಿದ್ರು. ನೀವೆಲ್ಲ ಬೀದೀಲಿ ಬಡಿದಾಡ್ತಿದ್ದಾಗ ಬೂಟಿನ ಒಡೆಯರೇ ಹಿಂದಿನಿಂದ ಬಂದು ಹೋದ್ರು. ಅಂಚೆಯವನನ್ನ ಕೇಳಿದೆ, ಅವರ ಮನೆ ತೋರಿಸಿದ."

ಹಿಂಬಾಗಿಲು ತೆರೆಯಿತು. ಎರಡು ಊರುಗೋಲುಗಳ ನಡುವೆ ಸಿಡಿಲು ನಿಂತಿದ್ದರು. ಬಲಗಾಲಿನ ಪ್ಯಾಂಟು ಮಂಡಿಯ ಮೇಲೆ ಮಡಚಿ ಪಿನ್ ಹಾಕಿತ್ತು.

"ಈ ಕನ್ನಡಕದವನ ಅಂಗಡಿ ಸುಡ್ತಾರೆ ಅಂತ ಮೇಡಂ ಹೇಳದೇ ಇದ್ದಿದ್ರೆ ನಿಮ್ಮ ಮುಖ ನೋಡೋಕೂ ಬರ್ತಿರ್ಲಿಲ್ಲ," ಎಂದರು. ಯಾರೋ ಕುರ್ಚಿ ಮುಂದೆ ತಳ್ಳಿದರೂ ಕೂರಲಿಲ್ಲ. "ತಂಡದೋರು ನೋವು ಗೊತ್ತಾಗದ ಹಾಗೆ ಮಂಡಿಗೆ ಸೂಜಿ ಚುಚ್ಚಿ ಚುಚ್ಚಿ ಆಡಿಸಿದ್ರು. ನೀವು ಚಪ್ಪಾಳೆ ಹೊಡೆದ್ರಿ. ಅದು ಮತ್ತೆ ವಾಸಿಯಾಗ್ಲಿಲ್ಲ, ಒಳಗೊಳಗೇ ಕೊಳೀತು. ಕಾಲು ತೆಗೆದ ಮೇಲೆ ಮನೇಲಿ ಕೂತು ಕೂತು ಸಾಕಾಯ್ತು. ನೀವು ಕೊಟ್ಟ ಬೀಗದ ಕೈ ಜೇಬಲ್ಲಿಟ್ಕೊಂಡು, ನಮ್ಮೋರ ಜೊತೆ ಒಂದು ಟೀ ಕುಡಿಯೋಣ ಅಂತ ಬಂದೆ. ಕಿಟಕಿ ಹತ್ರಾನೇ ಕೇಳಿಸ್ತು, ಕುಂಟೋ ನಾಟಕ!"

ಕನ್ನಡಕದವನು ತಲೆ ತಗ್ಗಿಸಿದ. ಡ್ರೈವರ್ ಅವನನ್ನು ತಿನ್ನುವಂತೆ ನೋಡಿದ.

"ನೀನೇನು ನೋಡ್ತೀಯ ಅವನನ್ನ?" ಸಿಡಿಲು ಡ್ರೈವರ್ ಕಡೆ ತಿರುಗಿದರು. "'ಸೂಜಿ ಹಾಕಿಸ್ಕೊಂಡು ಆಡಿದ ಗಂಡು' ಅಂತ ಎದೆ ತಟ್ಟಿದ್ದು ನೀನಲ್ವಾ? ಆ ಸೂಜೀನೇ ನನ್ನ ಕಾಲು ತಿಂದಿದ್ದು. ಇಬ್ಬರಲ್ಲಿ ಯಾರ ಮಾತು ಹೆಚ್ಚು ಉರಿಸ್ತು ಅಂತ ನನಗೇ ಗೊತ್ತಿಲ್ಲ."

"ಬೂಟು ಏನ್ ಮಾಡಿದ್ರಿ ಅಣ್ಣಾ?" ಟೈಲರ್ ಮೆಲ್ಲಗೆ ಕೇಳಿದ.

"ಹಿತ್ತಿಲಲ್ಲಿ ಹೂತೆ. ಕತ್ತರಿಸಿದ ಕಾಲನ್ನ ಆಸ್ಪತ್ರೆಯವರು ಎಲ್ಲಿ ಬಿಸಾಕಿದ್ರೋ! ಬೂಟಿಗಾದ್ರೂ ಒಂದು ಜಾಗ ಇರ್ಲಿ."

ಟೈಲರ್ ಪೆಟ್ಟಿಗೆಯಿಂದ ಎಡಗಾಲಿನ ಬೂಟು ತೆಗೆದು ಮುಂದೆ ಹಿಡಿದ. ಸಿಡಿಲು ಅದನ್ನು ನೋಡಲೂ ಇಲ್ಲ. ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು ಹೊರಟರು.

ಕನ್ನಡಕದವನು ಓಡಿಹೋಗಿ ಬಾಗಿಲು ಹಿಡಿದ. "ಅಣ್ಣಾ, ಹೊಸ್ತಿಲು ಎತ್ತರ ಇದೆ, ನನ್ನ ಹೆಗಲು ಹಿಡ್ಕೊಳ್ಳಿ..."

"ಬೇಡ. ದಾರಿ ಬಿಡು."

ಅವನು ಗೋಡೆಗೆ ಒತ್ತಿಕೊಂಡು ನಿಂತ. ಊರುಗೋಲುಗಳ ಸದ್ದು ಓಣಿಯ ಕೊನೆ ದಾಟುವವರೆಗೂ ಬಾಗಿಲು ಹಿಡಿದ ಕೈ ಬಿಡಲಿಲ್ಲ.