ತಕ್ಕಡಿಗೆ ಸಿಗದ ಉಸಿರು

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತಟ್ಟೆ ಜೊತೆ ಬೇರೆ ಏನಾದ್ರೂ ಒಳಗೆ ಕಳಿಸ್ತಿದ್ದೀರಾ?”

ಆ ಎಂಜಿನಿಯರ್ ಅವಳೊಡನೆ ಆಡಿದ ಮೊದಲ ಮಾತೇ ಇದು. ಅವಳ ಕೈಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿದ ಊಟದ ತಟ್ಟೆ ಇತ್ತು.

“ಏನು, ಕಳ್ಳತಿಂಡಿನಾ?” ಅವಳ ದನಿ ತಣ್ಣಗಿತ್ತು. “ನಾನು ಇಲ್ಲಿನ ಆಹಾರತಜ್ಞೆ. ತೂಗಿದ್ದು ಬಿಟ್ಟು ಒಂದು ಕಾಳೂ ಒಳಗೆ ಹೋಗಿಲ್ಲ.”

ಅವನು ತಲೆಯಾಡಿಸಿ ಹೊರಟುಹೋದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ನನ್ನನ್ನೇ ಕಳ್ಳಿ ಅನ್ನುತ್ತಾನಲ್ಲ... ಅವಳ ಮೈ ಉರಿಯಿತು.

ಎದುರಿನ, ಗಾಳಿ ಸೋರದಂತೆ ಬಿಗಿದ ಕೋಣೆಯನ್ನು ಕಟ್ಟಿದವನು ಅವನೇ. ಒಳಗೆ ಹಾಸಿಗೆ, ಮೇಜು, ದುಂಡನೆಯ ಗಾಜಿನ ಕಿಟಕಿ. ಅಲ್ಲಿದ್ದವರ ಉಸಿರನ್ನು ಕೊಳವೆಯೊಂದು ಯಂತ್ರಕ್ಕೆ ಒಯ್ಯುತ್ತಿತ್ತು. ದೇಹ ದಿನಕ್ಕೆ ಎಷ್ಟು ಶಕ್ತಿ ಸುಡುತ್ತದೆಂಬುದನ್ನು ಯಂತ್ರ ಅದರಿಂದಲೇ ತಿಳಿಯುತ್ತಿತ್ತು.

ಈಗ ಅದರೊಳಗಿದ್ದವಳು ಅವಳ ಸ್ವಂತ ಅಕ್ಕ.

ಅಕ್ಕ ಏಳು ದಿನದ ಸೆರೆಗೆ ಒಪ್ಪಿದ್ದು ವಿಜ್ಞಾನಕ್ಕಾಗಿ ಅಲ್ಲ. ಕಡಿಮೆ ಉಂಡರೂ ಅವಳ ಮೈ ಇಳಿಯುತ್ತಿರಲಿಲ್ಲ; ಹನ್ನೆರಡು ವರ್ಷಗಳಿಂದ ಗಂಡನ ಮನೆಯವರು ಅವಳನ್ನು ಕದ್ದು ತಿನ್ನುವವಳೆಂದು ಆಡಿಕೊಳ್ಳುತ್ತಿದ್ದರು. ಅವಳ ದೇಹ ಸುಡುವುದೇ ಕಡಿಮೆಯೆಂದು ಕಂಡುಬಂದರೆ ಅವಳ ಮಾತು ನಿಜವಾಗುತ್ತಿತ್ತು. ಹೆಚ್ಚೆಂದು ಬಂದರೆ ಕಳ್ಳಿಯೆಂಬ ಹೆಸರು ಕಾಯಂ.

“ನಾನು ಸುಳ್ಳು ಹೇಳ್ತಿಲ್ಲ ಅಂತ ನಿಮ್ಮ ಯಂತ್ರ ಆದ್ರೂ ಹೇಳ್ಲಿ ಕಣೇ,” ಎಂದು ಅಕ್ಕ ಒಳಗೆ ಹೋಗಿದ್ದಳು. ಅದಕ್ಕೂ ಮುನ್ನ ತಂಗಿ ಗುಟ್ಟಾಗಿ ಅವಳ ಚೀಲವನ್ನು ತಡಕಾಡಿದ್ದಳು. ಏನೂ ಸಿಕ್ಕಿರಲಿಲ್ಲ. ನಾಚಿಕೆ ಮಾತ್ರ ಉಳಿದಿತ್ತು.

ವಾರ ಮುಗಿದು ಅಕ್ಕ ಹೊರಬಂದಳು. ಮರುದಿನ ಕಾವಲುಗಾರ ಒಂದು ವಿಚಿತ್ರ ಸುದ್ದಿ ತಂದ: ಎಂಜಿನಿಯರ್ ಸಾಹೇಬರು ಖಾಲಿ ಕೋಣೆಯ ಮುಂದೆ ಕೂತು ಒಬ್ಬರೇ ಮಾತಾಡುತ್ತಿದ್ದಾರಂತೆ, ತಲೆ ನೆಟ್ಟಗಿದೆಯೋ ಇಲ್ಲವೋ.

ಅವಳಿಗೆ ನಗು ಬರಲಿಲ್ಲ. ಈ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ. ಅಕ್ಕನ ದಾಖಲೆಗಳನ್ನು ತೆರೆದಳು. ಪ್ರತಿ ಮಧ್ಯಾಹ್ನ ಇಪ್ಪತ್ತು ನಿಮಿಷಗಳ ಅಂಕಿಗಳನ್ನು ತಿದ್ದಿ ಇಳಿಸಲಾಗಿತ್ತು. ಇಳಿಸಿದ ಕೈ ಅವನದೇ.

ಹಾಳೆಗಳನ್ನು ಅವನ ಮೇಜಿನ ಮೇಲೆ ಹರಡಿದಳು. “ಕನಿಕರಕ್ಕೆ ತಿದ್ದಿದ್ರಾ? ನನ್ನನ್ನ ಮೆಚ್ಚಿಸೋಕಾ? ನಾಳೆ ಇದು ಬಯಲಾದ್ರೆ ಅಕ್ಕನ್ನ ಜನ್ಮದಲ್ಲಿ ಯಾರೂ ನಂಬಲ್ಲ.”

ಅವನು ತಿದ್ದಿದ ಅಂಕಿಗಳ ಮೇಲೆ ಬೆರಳಿಟ್ಟ.

“ಲೆಕ್ಕದಿಂದ ಕಳೆದಿದ್ದು ಅಕ್ಕನ ಉಸಿರನ್ನಲ್ಲ. ನಿಮ್ಮದನ್ನ.”

ಊಟ ಕಳಿಸುವ ಗೂಡಿಗೆ ಎರಡು ಬಾಗಿಲು. ಹೊರಗಿನದನ್ನು ಮುಚ್ಚಿದ ಮೇಲೆಯೇ ಒಳಗಿನದನ್ನು ತೆರೆಯಬೇಕು. ಆದರೆ ಒಬ್ಬಳೇ ಕೂತರೆ ಅಕ್ಕನಿಗೆ ತುತ್ತು ಇಳಿಯುತ್ತಿರಲಿಲ್ಲ. ಆದ್ದರಿಂದ ತಂಗಿ ಎರಡನ್ನೂ ತೆರೆದು, ಗೂಡಿನೊಳಗೆ ತಲೆ ತೂರಿಸಿ, ಊಟ ಮುಗಿಯುವವರೆಗೆ ಹರಟುತ್ತಿದ್ದಳು. ಕೋಣೆಯೋ ಸಂದು ಸಿಕ್ಕಲ್ಲೆಲ್ಲ ಗಾಳಿಯನ್ನು ಒಳಗೆಳೆದುಕೊಳ್ಳುವಂಥದ್ದು. ಎಲ್ಲವನ್ನೂ ತೂಗಿ ಕಳಿಸಿದವಳು, ತಕ್ಕಡಿಗೆ ಸಿಗದ ತನ್ನ ಉಸಿರನ್ನೇ ಮರೆತಿದ್ದಳು. ಅಕ್ಕನ ಲೆಕ್ಕವನ್ನು ಏರಿಸಿ ಅವಳನ್ನು ಸುಳ್ಳುಗಾರ್ತಿ ಮಾಡಲು ಹೊರಟದ್ದು ತಂಗಿಯ ಅಕ್ಕರೆಯೇ.

ಅಂಕಿ ಏರುತ್ತಿದ್ದುದು ಅವಳು ಹರಟುತ್ತಿದ್ದ ಹೊತ್ತಿನಲ್ಲೇ ಎಂದು ಗಮನಿಸಿದ್ದ ಅವನು, ಸಂಕೋಚದಿಂದ ಉಳಿದದ್ದನ್ನೂ ಹೇಳಿದ. ಎರಡೂ ಬಾಗಿಲು ತೆರೆದು, ಖಾಲಿ ಕೋಣೆಗೆ ಯಂತ್ರದ ಕೈಪಿಡಿಯನ್ನು ಗಟ್ಟಿಯಾಗಿ ಓದಿದ್ದನಂತೆ. ಅಂಕಿಗಳು ಹಾಗೆಯೇ ಏರಿದ್ದವು.

“ನನಗೆ ಯಾಕೆ ಹೇಳ್ಲಿಲ್ಲ?”

“ನಿಯಮ ಮುರಿದವರನ್ನ ಕೆಲಸದಿಂದ ತೆಗೀತಾರೆ. ನೀವು ಹೋಗೋದು... ನನಗೆ ಬೇಕಿರ್ಲಿಲ್ಲ.”

ಆ ಮಾತು ಅವಳಿಗೆ ಹಿತವಾಯಿತು. ಆದರೆ ತನ್ನನ್ನು ಉಳಿಸಿದ ಆ ಮೌನ ಅಕ್ಕನನ್ನು ಉಳಿಸುವಂತಿರಲಿಲ್ಲ.

ಅವಳು ನೇರವಾಗಿ ಸಂಸ್ಥೆಯ ಮುಖ್ಯಸ್ಥೆಯ ಕೋಣೆಗೆ ನಡೆದಳು. ಅವನೂ ಹಿಂದೆಯೇ ಬಂದು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ. ಮುಖ್ಯಸ್ಥೆ ಇಬ್ಬರಿಗೂ ಚೆನ್ನಾಗಿ ಬಿಸಿ ಮುಟ್ಟಿಸಿದರು. ಇಡೀ ವಾರದ ದಾಖಲೆಯನ್ನು ರದ್ದು ಮಾಡಿದರು. ಅವಳನ್ನು ಆ ಅಧ್ಯಯನದಿಂದಲೇ ಹೊರಗಿಟ್ಟರು. ಅಕ್ಕ ಒಪ್ಪಿದರೆ ಮೊದಲಿನಿಂದ ಅಳೆಯಬಹುದೆಂದರು.

ಅಕ್ಕನೆದುರು ಅವಳು ಎಲ್ಲವನ್ನೂ ಹೇಳಿ, ಚೀಲದ ವಿಷಯವನ್ನೂ ಒಪ್ಪಿಕೊಂಡು ಅತ್ತಳು.

“ಗೊತ್ತಿತ್ತು ಬಿಡೇ. ಸೀರೆ ಮಡಚೋಕೆ ನಿನಗೆ ಯಾವತ್ತು ಬಂದಿದೆ?” ಎಂದಳು ಅಕ್ಕ. ತಂಗಿಯ ಕಣ್ಣೊರೆಸಿ, “ಇನ್ನೊಂದು ವಾರ ತಾನೇ... ಹೋಗ್ತೀನಿ. ಈ ಸಲ ನೀನು ಆ ಕಡೆ ಸುಳೀಬೇಡ,” ಎಂದಳು.

ಬೇರೊಬ್ಬರು ಊಟ ಕಳಿಸಿದರು. ಅಕ್ಕ ಮಾತಿಲ್ಲದೆ ಉಂಡಳು. ಎಂಟನೆಯ ದಿನ ಬಂದ ವರದಿಯಲ್ಲಿ ತಿದ್ದಿದ ಅಂಕಿ ಒಂದೂ ಇರಲಿಲ್ಲ: ಅಕ್ಕನ ದೇಹ ಸುಡುತ್ತಿದ್ದುದು ಅವಳ ವಯಸ್ಸಿನ, ಅವಳ ಮೈಕಟ್ಟಿನ ಬೇರೆಯವರಿಗಿಂತ ಬಹಳ ಕಡಿಮೆ. ಭಾವ ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡ. ಮೂರನೆಯ ಸಲ ಅಕ್ಕ ತನ್ನ ಅತ್ತೆಗೆ ಕೇಳಿಸುವಂತೆ ಅವನಿಂದ ಗಟ್ಟಿಯಾಗಿ ಓದಿಸಿದಳು.

ಆ ಸಂಜೆ ಸಂಸ್ಥೆಯ ಮೆಟ್ಟಿಲ ಮೇಲೆ ಎಂಜಿನಿಯರ್ ಕಾದು ಕೂತಿದ್ದ.

“ಇನ್ಮೇಲೆ ನನ್ನ ವಿಷಯ ಏನು ಗೊತ್ತಾದ್ರೂ ಮೊದಲು ನನಗೇ ಹೇಳ್ಬೇಕು,” ಎಂದಳು ಅವಳು.

“ಸರಿ. ಹಾಗಾದ್ರೆ ಒಂದು ವಿಷಯ ಬಾಕಿ ಇದೆ.” ಅವನು ಸರಿದು ಪಕ್ಕದಲ್ಲಿ ಜಾಗ ಬಿಟ್ಟ. “ನೀವಂದ್ರೆ ನನಗೆ ತುಂಬ ಇಷ್ಟ. ಆದ್ರೆ ತೋರಿಸೋಕೆ ನನ್ನ ಹತ್ರ ಪುರಾವೆ ಏನೂ ಇಲ್ಲ.”

ಅವಳು ಅವನ ಮುಖವನ್ನು ನೋಡಿದಳು. ಮುಚ್ಚಿಟ್ಟದ್ದು ಅಲ್ಲಿ ಏನೂ ಉಳಿದಿರಲಿಲ್ಲ.

“ನಾನು ಪುರಾವೆ ಕೇಳಿದ್ನಾ?” ಎಂದು ಅವಳು ಅವನ ಪಕ್ಕದಲ್ಲಿ ಕೂತಳು.