ಜೇಬಿನ ಎತ್ತರದ ಗೆರೆ

ಬಾಗಿಲಿನ ಮೇಲುಪಟ್ಟಿಗೆ ಹಣೆ ಬಡಿದ ಸದ್ದಿಗೆ ನಾನು ರಿಜಿಸ್ಟರಿನಿಂದ ತಲೆ ಎತ್ತಿದೆ.

"ತಲೆ ಜೋಪಾನ," ಎಂದೆ. ತಡವಾಗಿತ್ತು.

"ಮೊದಲೇ ಹೇಳಬಾರದಾ ಮೇಡಂ?" ಅವರು ಹಣೆ ಉಜ್ಜಿಕೊಳ್ಳುತ್ತ ನಕ್ಕರು. "ಪಂಚಾಯ್ತಿ ಲೈಬ್ರರಿ ಇದೇ ಅಲ್ವಾ? ನಾನು ಶಶಿಧರ್. ಹೊಳೆ ತಡೆಗೋಡೆ ಕೆಲಸಕ್ಕೆ ಬಂದಿರೋ ಇಂಜಿನಿಯರ್."

ಆ ಪಟ್ಟಿಗೆ ತಲೆ ಬಡಿಸಿಕೊಳ್ಳುತ್ತಿದ್ದವನು ಅದುವರೆಗೆ ಒಬ್ಬನೇ. ನನ್ನ ಗಂಡ ಅಶ್ವಿನ್. ನನಗೆ ಬುತ್ತಿ ತರುವಾಗ, ದಿನವೂ. ಅವನು ಹೋಗಿ ಒಂದೂವರೆ ವರ್ಷವಾಗಿತ್ತು. ಅದೇ ಸದ್ದು ಕೇಳಿ ನನ್ನ ಪೆನ್ನು ಅರ್ಧ ಅಕ್ಷರದಲ್ಲಿ ನಿಂತಿತು.

ಶಶಿಧರ್ ಅವರಿಗೆ ಬೇಕಿದ್ದುದು ಒಂದೇ ಅಳತೆ. ಹೋದ ದೊಡ್ಡ ನೆರೆಯಲ್ಲಿ ಭದ್ರಾ ಹೊಳೆ ಎಷ್ಟು ಎತ್ತರ ಬಂದಿತ್ತು? ದಂಡೆಯ ಹದಿನಾರು ಮನೆಗಳ ಮುಂದೆ ಕಟ್ಟುವ ಗೋಡೆಯ ಎತ್ತರ ಅದರ ಮೇಲೇ ನಿಂತಿತ್ತು.

"ಶಾಲೆ ಗೋಡೆಯಲ್ಲಿ ಕೆಂಪು ಗೆರೆ ಇದೆ," ಎಂದೆ. "ನಾನೇ ಎಳೆದದ್ದು."

ಹೊಳೆ ಇಳಿದ ಮರುದಿನ, ನೀರಿನ ಕಲೆ ಒಣಗುವ ಮುನ್ನ, ಶಾಲೆಯ ಗೋಡೆಗೆ ಗೆರೆ ಎಳೆಯುವುದು ನಮ್ಮೂರಿನ ರೂಢಿ. ಅವರು ಅದನ್ನು ಅಳೆದು ಬರೆದುಕೊಂಡರು.

ಆಮೇಲೆ ದಿನವೂ ಬಂದರು. ಹಳೆಯ ನಕ್ಷೆ ಇದೆಯೇ, ಕಾಫಿ ಎಸ್ಟೇಟಿನವರು ಮಳೆ ಅಳೆದು ಬರೆದಿಟ್ಟ ಡೈರಿ ಇದೆಯೇ ಎಂದು. ಬಾಗಿಲಲ್ಲಿ ಸೊಂಟದವರೆಗೂ ಬಗ್ಗಿ ಬರುವರು, ನಾನು ನೋಡಿದೆನೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡುವರು.

"ಇವತ್ತು ಬಚಾವ್. ನೀವು ನಗ್ತೀರೋ ಇಲ್ವೋ ಗೊತ್ತೇ ಆಗಲ್ಲ ಮೇಡಂ."

"ಲೈಬ್ರರಿಯಲ್ಲಿ ಸದ್ದು ಮಾಡಬಾರದು."

"ನಗು ಸದ್ದಾ?"

"ನಿಮ್ಮದು ಹೌದು."

ಆ ಮಾತು ನನ್ನದೇ ಬಾಯಿಂದ ಬಂದದ್ದು ಕೇಳಿ ನಾನೇ ಬೆಚ್ಚಿದೆ.

ಏಪ್ರಿಲ್ ಕೊನೆಯ ಶನಿವಾರ, ಶಾಲೆಯ ಜಗುಲಿಯಲ್ಲಿ ಗ್ರಾಮಸಭೆ. "ಇವತ್ತು ಒಪ್ಪಿಗೆ ಕೊಟ್ರೆ ಮಳೆ ಹಿಡಿಯೋದ್ರೊಳಗೆ ಕೆಲಸ ಮುಗೀತದೆ," ಎಂದರು ಪಂಚಾಯಿತಿ ಅಧ್ಯಕ್ಷ ಸೋಮಶೇಖರಪ್ಪನವರು. ಶಶಿಧರ್ ಗೋಡೆಗೆ ಬೆನ್ನು ಕೊಟ್ಟು ನಿಂತು ನಕ್ಷೆ ಬಿಡಿಸಿದರು.

ಕೆಂಪು ಗೆರೆ ಅವರ ಬೆಲ್ಟಿನ ಮಟ್ಟಕ್ಕಿತ್ತು.

ನಾನು ಬೆಲ್ಟು ನೋಡಿದೆ. ಆಮೇಲೆ ಅಂಗಿಯ ಜೇಬು, ಅದರಲ್ಲಿದ್ದ ಪೆನ್ನು.

ನೆರೆ ಬಂದ ಆ ಆಗಸ್ಟಿನಲ್ಲಿ ಅಶ್ವಿನ್ ಇದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. "ಎಳಿ, ಕಲೆ ಸೀದಾ ನನ್ನ ಜೇಬಿಗೇ ಬರ್ತದೆ," ಎಂದಿದ್ದ. ನಾಲ್ಕೇ ದಿನಕ್ಕೆ, ಧ್ವಜ ಹಾರಿಸಬೇಕೆಂದು, ಶಾಲೆಗೆ ಹೊಸ ಬಣ್ಣ ಬಳಿದರು. ಗೆರೆ ಮುಚ್ಚಿಹೋಯಿತು. ಅಕ್ಟೋಬರಿನಲ್ಲಿ ಬಾಳೂರು ರಸ್ತೆಯ ತಿರುವಿನಲ್ಲಿ ಅವನ ಬೈಕು ಜಾರಿತು. ತಿಥಿ ಮುಗಿದ ವಾರ ಯಾರೋ ಹೇಳಿದರು, ನೀನೇ ಎಳೆದದ್ದು, ನೀನೇ ಮತ್ತೆ ಎಳೆದುಬಿಡು. ಕೈ ಎಲ್ಲಿಗೆ ಎದ್ದಿತೋ ಅಲ್ಲಿ ಎಳೆದಿದ್ದೆ.

ಒಂದೇ ಪಟ್ಟಿ ಇಬ್ಬರ ಹಣೆಗೂ ಬಡಿದಿತ್ತು. ಒಂದೇ ಎತ್ತರದವರು.

ನಾನು ಎದ್ದು ನಿಂತೆ. "ಆ ಗೆರೆ ತಪ್ಪು. ಒಂದೂವರೆ ಅಡಿ ಮೇಲಿರಬೇಕು."

ದಂಡೆಯ ಮೊದಲ ಮನೆಯ ಶಿವಗಂಗಮ್ಮ ನೆಲ ನೋಡುತ್ತ ಹೇಳಿದರು, "ಗೊತ್ತಿತ್ತು ಮಾರಾಯ್ತಿ."

"ಯಾರಿಗೆ?"

"ಎಲ್ಲರಿಗೂ. ನಮ್ಮನೆ ದೇವರ ಗೂಡಿಗೇ ನೀರು ಬಂದಿತ್ತಲ್ಲ. ಆವತ್ತು ನಿನ್ನ ಮುಖ ನೋಡಿ ತಪ್ಪು ಅನ್ನಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಇಂಜಿನಿಯರ್ ಬಂದವ್ರು ಮನೆಮನೆ ಕೇಳ್ತಾರೆ ಅಂದ್ಕೊಂಡ್ವಿ."

ಇಷ್ಟು ಕಾಲ ಇಡೀ ಊರು ನನ್ನ ಸುಳ್ಳು ಗೆರೆಯನ್ನು ಸಹಿಸಿಕೊಂಡಿತ್ತು.

"ಎಂತ ಇಂಜಿನಿಯರೇ, ಮನೆಮನೆ ಕೇಳಲಿಲ್ವಾ?" ಎಂದರು ಸೋಮಶೇಖರಪ್ಪನವರು.

ಶಶಿಧರ್ ನಕ್ಷೆಯನ್ನು ನಿಧಾನವಾಗಿ ಸುತ್ತಿದರು. "ಇಲ್ಲ ಸರ್. ಇವರೊಬ್ಬರನ್ನೇ ಕೇಳಿದೆ. ದಿನಾ ಇವರನ್ನೇ ಕೇಳಬೇಕು ಅನ್ನಿಸ್ತಿತ್ತು. ತಪ್ಪು ನಂದು."

ಶಿವಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅದಕ್ಕೇ ಗೋಡೆ ಗಿಡ್ಡ ಆಗಿದ್ದು."

"ಮತ್ತೆ ಎಸ್ಟಿಮೇಟ್ ಅಂದ್ರೆ ಈ ಮಳೆಗೆ ಗೋಡೆ ಇಲ್ಲ," ಎಂದರು ಅಧ್ಯಕ್ಷರು.

"ಇಲ್ಲ ಸರ್. ಈ ಸಲಕ್ಕೆ ಮರಳು ಚೀಲ. ಮಳೆಗಾಲ ಪೂರ್ತಿ ನಾನು ಇಲ್ಲೇ ಇರ್ತೀನಿ."

"ಗಿಡ್ಡ ಗೋಡೆಗಿಂತ ಚೀಲವೇ ವಾಸಿ," ಎಂದರು ಶಿವಗಂಗಮ್ಮ. "ಗೋಡೆ ಉಂಟು ಅಂತ ನಿದ್ದೆ ಮಾಡಿಬಿಡ್ತಿದ್ವಿ."

ಸಭೆ ಚದುರಿತು. ಶಾಲೆಯ ಕಪಾಟಿನಿಂದ ಕೆಂಪು ಪೇಂಟ್ ತಂದೆ. "ನಿಂತ್ಕೊಳ್ಳಿ," ಎಂದೆ. "ಆವತ್ತು ನನ್ನ ಗಂಡ ಇಲ್ಲೇ ನಿಂತಿದ್ದ, ನಿಮ್ಮಷ್ಟೇ ಎತ್ತರ."

ಅವರು ಗೋಡೆಗೆ ಬೆನ್ನು ಕೊಟ್ಟರು. ಬ್ರಶ್ಶು ಪೆನ್ನಿನ ಪಕ್ಕ ಹಾದಾಗ ಜೇಬಿಗೆ ಬಣ್ಣ ತಗಲಿತು. ಅವರು ಅಲುಗಲಿಲ್ಲ. ನನ್ನ ಕೆನ್ನೆ ಒದ್ದೆಯಾಗಿತ್ತು. ಅಶ್ವಿನ್ ಹೋದ ದಿನವೂ ನಾನು ಅತ್ತಿರಲಿಲ್ಲ.

"ನಾನು ಅವರಲ್ಲ, ದೀಪಶ್ರೀ," ಎಂದರು ಮೆಲ್ಲಗೆ. ಮೇಡಂ ಎನ್ನಲಿಲ್ಲ.

"ಗೊತ್ತು. ಅವನು ಲೈಬ್ರರಿ ಬಾಗಿಲಲ್ಲಿ ಒಂದು ದಿನವೂ ಬಗ್ಗಲಿಲ್ಲ."

ಬ್ರಶ್ಶು ಕೆಳಗಿಟ್ಟೆ. "ಅಂಗಿಯ ಬಣ್ಣ ಹಾಗೇ ಹೋಗಲ್ಲ. ಮನೆಯಲ್ಲಿ ಥಿನ್ನರ್ ಇದೆ, ಬನ್ನಿ. ನಮ್ಮ ಬಾಗಿಲು ಲೈಬ್ರರಿಗಿಂತ ಗಿಡ್ಡ."

ಈ ಸಲ ಮೊದಲೇ ಹೇಳಿದೆ.